ಹನ್ನಳ ತುಟಿ

ಅಳಿಯ ಮಕಾರಿಮ್ ನನ್ನ ಮಗಳ ಗಂಟಲ ಮೇಲೆ ಮೊಣಕಾಲೂರಿ ಅವಳನ್ನು ಕೊಂದ. ಈಗ ಕೆಳಗೆ ನಿಂತಿದ್ದಾನೆ, ಹೆಂಗಸರ ಮಾಳಿಗೆಯ ಜಾಲರಿಯ ಕಿಂಡಿಯಲ್ಲಿ ಅವನ ಪೇಟ ಕಾಣುತ್ತಿದೆ, ಬೆಳ್ಳಗಿದೆ, ಯಾರು ಒಗೆದರು, ಒಗೆಯುವವಳು ಮಣ್ಣಿನಲ್ಲಿದ್ದಾಳಲ್ಲ — ನಮ್ಮ ಯೆಹೂದ್ಯರ ಇಡೀ ಸಭಾಮಂದಿರದಲ್ಲಿ ತುಟಿಗಳು ಮಾತ್ರ ಅಲುಗುತ್ತಿವೆ, ಸದ್ದಿಲ್ಲ, ಈ ಮೌನದ ಪ್ರಾರ್ಥನೆ ಮುಗಿದೊಡನೆ ಅದನ್ನೇ ಇವನು ಎಲ್ಲರ ಪರವಾಗಿ ಗಟ್ಟಿಯಾಗಿ ಹೇಳುತ್ತಾನೆ, ನಾವು ಆಮೆನ್ ಅನ್ನಬೇಕು, ಫುಸ್ತಾತ್ ಪಟ್ಟಣದಲ್ಲೇ ಅಂಥ ದನಿ ಇಲ್ಲವಂತೆ, ಆ ದನಿಯನ್ನು ಅವನು ಮನೆಯಲ್ಲಿ ಖರ್ಚು ಮಾಡುತ್ತಿರಲಿಲ್ಲ, ಅಮ್ಮಾ, ಹೊಡೆಯೋವಾಗ ಅವನು ಮಾತೇ ಆಡಲ್ಲ, ನಾಳೆ ಹಾಡೋ ತನ್ನ ಗಂಟಲು ಕೆಡಬಾರದಂತೆ, ನನ್ನ ಬಾಯಿಗೆ ಬಟ್ಟೆ ತುರುಕ್ತಾನೆ, ಅಂದಿದ್ದಳು ನನ್ನ ತುರ್ಫಾ, ನಗುತ್ತಾ ಅಂದಿದ್ದಳು, ಒಡೆದ ಹಲ್ಲಿನಲ್ಲಿ. ಪಕ್ಕದಲ್ಲಿ ರಯ್ಯಿಸಾ ಮೊಣಕೈ ತಿವಿಯುತ್ತಾಳೆ, ಅಕ್ಕಾ, ಹಲ್ಲು ಕಡೀಬೇಡ, ಗ್ರಂಥದಲ್ಲಿ ಆ ಹನ್ನಾ ಮಗು ಕೊಡು ಅಂತ ಬೇಡ್ಕೊಂಡ ಹಾಗೆ ಮೆಲ್ಲಗೆ ಬೇಡ್ಕೋ, ತುಟಿ ಆಡಿದ್ರೆ ಸಾಕು, ದೇವರಿಗೆ ಕೇಳ್ಸುತ್ತೆ. ದೇವರಿಗೆ ಕೇಳಿಸುತ್ತದೆ ರಯ್ಯಿಸಾ, ಹಿರಿಯರಿಗೆ ಕೇಳಿಸಬೇಕಲ್ಲ, ಮೆಲ್ಲಗೆ ಬೇಡಿದ ಹನ್ನಳನ್ನೂ ಗುಡಿಯ ಯಾಜಕ ಕುಡಿದವಳು ಅಂದನಲ್ಲ — ಅವತ್ತು ನಾನು ಅವರ ಮನೆಗೆ ಓಡಿದಾಗ ತುರ್ಫಾಳಿಗೆ ಇನ್ನೂ ಜೀವ ಇತ್ತು, ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ, ಕಿವಿಯನ್ನು ಅವಳ ಬಾಯಿಗೇ ಒತ್ತಿದೆ, ರಕ್ತದ ಗುಳ್ಳೆಯೊಂದು ಒಡೆಯಿತು, ಅಷ್ಟೇ. ಮೈ ತೊಳೆದವಳು ನಾನೇ, ಮೊಣಕಾಲಿನ ಗುರುತು ತೊಳೆದಷ್ಟೂ ಕಪ್ಪಾಯಿತು. ಮೆಟ್ಟಿಲಿಂದ ಬಿದ್ದಳಮ್ಮ, ಮಗು ಅಪ್ಪನ ಹತ್ರಾನೇ ಇರ್ಲಿ, ಅಂದರು ಹಿರಿಯ ಅಬೂ ಸಾದ್, ಅವನದು ಮಾಳಿಗೆಯಿಲ್ಲದ ಮನೆ, ಅಲ್ಲಿ ಮೆಟ್ಟಿಲೆಲ್ಲಿ ಬಂತು ಸ್ವಾಮಿ. ಮೊನ್ನೆ ರೊಟ್ಟಿ ಒಲೆಯ ಹತ್ತಿರ ಮೊಮ್ಮಗಳು ಜೌಹರಾ ಸಿಕ್ಕಳು, ಬೂದಿಯಲ್ಲಿ ಕಾಲು ಸುಟ್ಟುಕೊಂಡಳು, ಅಳು ಬಂತು, ಕೂಸು ತನ್ನ ಬಾಯಿಯನ್ನು ತನ್ನ ಕೈಯಿಂದಲೇ ಮುಚ್ಚಿಕೊಂಡಿತು.

ಎದ್ದಿದ್ದೇನೆ, ಇಳಿಯುತ್ತಿದ್ದೇನೆ, ಹೆಂಗಸರ ಮೆಟ್ಟಿಲು ಓಣಿಗೆ ಇಳಿಯುತ್ತದೆ, ಓಣಿಯಿಂದ ಗಂಡಸರ ಬಾಗಿಲಿಗೆ, ಅನ್ಯಾಯಕ್ಕೊಳಗಾದವರು ಪ್ರಾರ್ಥನೆ ತಡೆಯಬಹುದು, ಧರ್ಮಗ್ರಂಥ ತೋರಾದ ಸುರುಳಿಯಿರುವ ಪೆಟ್ಟಿಗೆಗೆ ಅಡ್ಡ ನಿಲ್ಲಬಹುದು, ಉತ್ತರ ಕೊಡದೆ ಯಾರೂ ಮುಂದುವರಿಯುವಂತಿಲ್ಲ, ಅಜ್ಜಂದಿರ ಕಾಲದ ಪದ್ಧತಿ, ಹೋದ ವರ್ಷ ಹುರಿಗಡಲೆ ಹಿಲಾಲ್ ತಡೆದ, ಪಕ್ಕದ ಮನೆಯವನು ಗೋಡೆ ಒತ್ತರಿಸಿದನೆಂದು, ಎಲ್ಲರೂ ಕೂತು ಕೇಳಿದರು, ಒಂದು ಗೋಡೆಗೆ. ಮಕಾರಿಮನ ದನಿ ಶುರುವಾಯಿತು, ಜೇನಿನ ಹಾಗೆ ಇಳಿಯುತ್ತಿದೆ, ನಿಲ್ಸೋ, ನಿಲ್ಸೋ ಕೊಲೆಗಡುಕ — ಯಾರ ದನಿ ಇದು, ನನ್ನದೇ, ಇಷ್ಟು ದೊಡ್ಡದಿತ್ತೇ, ಒಳಗೆ ನುಗ್ಗಿದೆ, ಯಾರೋ ತೋಳು ತಿರುಚುತ್ತಾನೆ, ಅವನ ಕೈಯನ್ನು ಕಚ್ಚಿದೆ, ಉಪ್ಪು, ರಕ್ತ, ಬಿಟ್ಟ. ಕುಡ್ಕೊಂಡು ಬಂದಿದಾಳೇನ್ರೋ ಮುದುಕಿ. ಬಂತಲ್ಲ ಆ ಮಾತು. ಪೆಟ್ಟಿಗೆಯ ಕದಕ್ಕೆ ಬೆನ್ನು ಕೊಟ್ಟು ನಿಂತೆ, ಮಕಾರಿಮ್ ಬಂದ, ಮೆಲ್ಲಗೆ ಬಂದ, ಬಾಯಿ ಬಿಡದೆ ನನ್ನ ಜುಟ್ಟು ಹಿಡಿದು ತಲೆಯನ್ನು ಕದಕ್ಕೆ ಅಪ್ಪಳಿಸಿದ, ಎಲ್ಲರ ಕಣ್ಣೆದುರು, ನೋಡ್ರೋ, ಹೀಗೇ, ಹೀಗೇ ಮೌನವಾಗಿ, ನೋಡಿದ್ರಾ ಈಗ! ಅವನ ಕೈ ಸಡಿಲವಾಯಿತು. ಕಣ್ಣಿಗೆ ಬಿಸಿಯಾಗಿ ಏನೋ ಇಳಿಯುತ್ತಿದೆ, ಅಬೂ ಸಾದ್ ಮುಖ ಕೆಂಪಗೆ ಕಾಣುತ್ತಿದೆ, ಆಯ್ತು ತಾಯಿ, ಕಂಡ್ವಿ, ಸೋಮವಾರ ಹಿರಿಯರೆಲ್ಲ ಕೂತ್ಕೋತೀವಿ, ಇವತ್ತು ಪವಿತ್ರ ಸಬ್ಬತ್ ದಿನ, ರಂಪ ಬೇಡ, ಈಗ ಮೇಲಕ್ಕೆ ಹೋಗಿ ಮೆಲ್ಲಗೆ ಪ್ರಾರ್ಥನೆ ಮಾಡ್ಕೊಳಮ್ಮ. ಸೋಮವಾರದವರೆಗೆ ಜೌಹರಾ ಯಾರ ಮನೆಯಲ್ಲಿ, ಯಾರ ಮೊಣಕಾಲಿನ ಕೆಳಗೆ? ಹೋಗಲ್ಲ. ಮಗು ನನ್ನ ಕೈಗೆ ಬರೋವರೆಗೂ ಸುರುಳಿ ಹೊರಗೆ ಬರಲ್ಲ. ಮೆಲ್ಲಗೆ ಹೇಳಮ್ಮ, ಕಿವಿ ಕೇಳ್ಸುತ್ತೆ ನಮಗೆ. ಮೆಲ್ಲಗೆ ಹೇಳಲ್ಲ, ಹಾಗೆ ಹೇಳಿದವಳು ಒಬ್ಬಳಿದ್ದಳು, ನೆಲದ ಮೇಲೆ, ಕೆಂಪು ಗುಳ್ಳೆ, ತುಟಿ ಅಲುಗುತ್ತಿತ್ತು, ಅಲುಗುತ್ತಿತ್ತು ತುಟಿ — ಹೋಗಲ್ಲ — ತುಟಿ