ಎಲೆ ಕೂರಿಸಲು ಎಷ್ಟು ವೇಗ

ಅತ್ತೆಯ ಬಲಗೈಗೆ ಪ್ಲಾಸ್ಟರ್ ಬಿದ್ದ ವಾರವೇ ಮೇಜಿನ ಗಿರಾಕಿ ಫೋನು ಮಾಡಿ, ನಾಳೆ ಒಯ್ಯುತ್ತೇನೆ ಎಂದುಬಿಟ್ಟರು. ತೇಗದ ಹಲಗೆ ಸಿದ್ಧವಿತ್ತು. ಅದರಲ್ಲಿ ಕೂರಬೇಕಾದ ಬಿಳಿ ಮರದ ಎಲೆಯನ್ನೂ ಅತ್ತೆ ಜಾರಿ ಬೀಳುವ ಮೊದಲೇ ಕತ್ತರಿಸಿಟ್ಟಿದ್ದರು. ಆ ಎಲೆಯ ಆಕಾರಕ್ಕೆ ಹಲಗೆಯಲ್ಲಿ ಗುಳಿ ತೋಡುವುದಷ್ಟೇ ಬಾಕಿ.

ಆ ‘ಅಷ್ಟೇ’ ಈಗ ಸೊಸೆಯ ಪಾಲಿಗೆ ಬಂದಿತ್ತು. ಮದುವೆಯಾಗಿ ಬಂದಾಗಿನಿಂದ ಈ ಕಾರ್ಖಾನೆಯಲ್ಲಿ ಮರ ಉಜ್ಜಿದ್ದೇ ಉಜ್ಜಿದ್ದು. ಗುಳಿ ತೋಡುವ ರೋಟರಿ ಟೂಲನ್ನು ಅತ್ತೆ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಇವತ್ತು ಕೆಲಸ ಕೆಟ್ಟರೆ ಇನ್ನು ಅದರ ಆಸೆ ಬಿಡಬೇಕು.

“ಅದೇ ಹಲಗೆಯಲ್ಲಿ ಉಳಿದ ತುಂಡಿನ ಮೇಲೆ ಮೊದಲು ನೋಡು,” ಎಂದರು ಅತ್ತೆ.

ಸೊಸೆ ದರ್ಜಿಯ ಮಗಳು. ನಾಜೂಕು ಕೆಲಸಕ್ಕೆ ಮಷೀನು ನಿಧಾನ ಓಡಬೇಕೆಂದು ಹುಟ್ಟಿನಿಂದ ಕಂಡವಳು. ವೇಗದ ಗುಂಡಿಯನ್ನು ಎರಡಕ್ಕಿಟ್ಟಳು. ಟೂಲಿನ ತುದಿಯ ಕೊರೆಯುವ ಬಿಟ್ ಕಟಕಟ ಕುಣಿದು ಅಂಚಿನ ತುಂಬ ಸಿಬಿರು ಎಬ್ಬಿಸಿತು.

“ಇದೇನು ಹೊಲಿಗೆ ಮಷೀನಾ? ನಿಧಾನಕ್ಕೆ ತಿರುಗಿದ್ರೆ ಅದು ಕೊಯ್ಯಲ್ಲ ಕಣೆ, ಕೀಳುತ್ತೆ.”

ಹಾಗೋ ಎಂದು ನೇರ ಹತ್ತಕ್ಕೆ ತಿರುಗಿಸಿದಳು. ಬೆಣ್ಣೆಯಲ್ಲಿ ಹೋದಂತೆ ಹೋಯಿತು. ತಿರುವಿನಲ್ಲಿ ಹೆದರಿ ಕೈ ತಡೆದಳು ನೋಡಿ, ಹೊಗೆ ಎದ್ದು ಮರ ಕಪ್ಪಾಯಿತು.

“ನಿಂತ ಕಡೆ ಸುಡುತ್ತೆ. ವೇಗ ಇಳಿಸು, ಕೈ ಮಾತ್ರ ನಿಲ್ಲಿಸ್ಬೇಡ. ಆಳಾನೂ ಒಂದೇ ಸಲಕ್ಕೆ ಬೇಡ, ಪದರ ಪದರವಾಗಿ ತೆಗಿ.”

ಎಂಟರಲ್ಲಿ ಇನ್ನೂ ಸುಟ್ಟ ವಾಸನೆ. ಆರಕ್ಕೆ ಇಳಿಸಿದಾಗ ಸದ್ದೇ ಬದಲಾಯಿತು. ನಡುಕವಿಲ್ಲ, ಹೊಗೆಯಿಲ್ಲ, ಹಗುರಾದ ಪುಡಿ ಎದ್ದು ಅಂಚು ಚೂಪಾಗಿ ನಿಂತಿತು. ಸೊಸೆಗೆ ಖುಷಿ ತಡೆಯಲಾಗಲಿಲ್ಲ. ಅತ್ತೆಯ ಅಪ್ಪಣೆಗೂ ಕಾಯದೆ ನಿಜವಾದ ಹಲಗೆಯನ್ನೇ ಎಳೆದುಕೊಂಡಳು. ಅತ್ತೆ ಎಡಗೈಯಿಂದ ಹಲಗೆಯ ತುದಿಯನ್ನು ಒತ್ತಿ ಹಿಡಿದರು.

ಎಲೆಯ ಸುತ್ತ ಗೆರೆ ಎಳೆದು, ಅದರ ಒಳಗೊಳಗೇ ಪದರ ತೆಗೆಯುತ್ತ ಹೋದಳು. ತುದಿಯ ಚೂಪು ಮೂಲೆಯನ್ನು ಉಳಿಯಿಂದ ಬಿಡಿಸಿ, ಅಂಟು ಸವರಿ, ಎಲೆಯನ್ನಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಬಿಗಿಯಾಗಿ ಇಳಿಯಿತು. ಅಂಟು ಒಣಗುವವರೆಗೆ ಕೂರಲಾರದೆ ನಿಲ್ಲಲಾರದೆ ಒದ್ದಾಡಿ, ಕೊನೆಗೆ ಉಜ್ಜಿ ಸಮ ಮಾಡಿ ಅತ್ತೆಯನ್ನು ಕರೆದಳು.

ಅತ್ತೆ ಕಣ್ಣು ಮುಚ್ಚಿ ಎಡಗೈ ಹೆಬ್ಬೆರಳನ್ನು ಹಲಗೆಯ ಮೇಲೆ ಎಳೆದರು. ಮತ್ತೊಮ್ಮೆ ಎಳೆದರು.

“ಸಂದು ಎಲ್ಲಿದೆಯೇ?”

ಸೊಸೆ ಅವರ ಬೆರಳು ಹಿಡಿದು ಅಂಚಿನ ಮೇಲಿಟ್ಟಳು. ಆಗಲೂ ಅವರಿಗೆ ಸಿಗಲಿಲ್ಲ.

“ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಟೂಲು ನಿನ್ನ ಹತ್ರಾನೇ ಇರ್ಲಿ,” ಎಂದರು.