ಗಣಿಯ ನೀರಿಗೆ ಅರಿಸಿನ ಕುಂಕುಮ

ತಮ್ಮೂರು ಕೊಂಬೈಯಿಂದ ನೆಂಟರನ್ನೆಲ್ಲ ವ್ಯಾನಿನಲ್ಲಿ, ಗಣಿ ನೋಡಲೆಂದು ನೈವೇಲಿಗೆ ಹೊರಡಿಸಿದವಳು ಮುತ್ತುಸೆಲ್ವಿ. ಅತ್ತೆ ತಂಗಮ್ಮಾಳ್ ಮುಖ ಸಿಂಡರಿಸಿದರೆ ಇನ್ನು ಪ್ರವಾಸವೇ ಇಲ್ಲವೆಂಬ ದಿಗಿಲು ಅವಳಿಗೆ. ಕಲ್ಲಿದ್ದಲು ಗಣಿಯ ಅಂಚಿನಲ್ಲಿ ನಿಂತ ಅತ್ತೆ ಒಮ್ಮೆ ಕೆಳಗೆ ಇಣುಕಿ ವ್ಯಾನಿನತ್ತ ನಡೆದುಬಿಟ್ಟರು. ಹಿಂದಿರುಗುವಾಗ, ಗಣಿಯಿಂದ ಮೇಲೆತ್ತಿದ ನೀರು ಕಾಲುವೆಯಲ್ಲಿ ಹರಿಯುವುದು ಕಂಡದ್ದೇ ಅತ್ತೆ ಕೂಗಿ ವ್ಯಾನ್ ನಿಲ್ಲಿಸಿದರು. ಊರಲ್ಲಿ ಹೊಸ ಬಾವಿಗೆ ನೀರು ಬಂದಾಗ ಮಾಡುವಂತೆ, ಅರಿಸಿನ ಕುಂಕುಮ ಹಾಕಿ ಕೈಮುಗಿದರು.

"ಅತ್ತೆ, ಇದು ಬಾವಿ ನೀರಲ್ಲ, ಗಣೀದು!"

"ಪೋಡಿ, ಹೋಗೇ! ಭೂಮಿಯಿಂದ ನೀರು ಬಂದದೆ, ಕೈಮುಗೀದೆ ಹೋಗಾದಾ?"

ಉಳಿದ ಹೆಂಗಸರೂ ನಗುತ್ತ ಸಾಲುಗಟ್ಟಿದರು. ಅತ್ತೆ ಮುಖ ತೊಳೆದುಕೊಂಡು ಸೊಸೆಯತ್ತ ತಿರುಗಿದರು.

"ನಾಳೆ ಪಿಚ್ಚಾವರದಲ್ಲಿ ನೀರಲ್ಲಿ ನಿಂತ ಕಾಡೊಳಗೆ ದೋಣಿ ಹೋಗ್ತದೆ ಅಂದೆಯಲ್ಲ, ಮುಂದಿನ ಸೀಟು ನಂದು."

ಬೆಳಗಿನಿಂದ ದಿಗಿಲಲ್ಲಿ ಒಂದು ತುತ್ತೂ ತಿನ್ನದಿದ್ದ ಮುತ್ತುಸೆಲ್ವಿಗೆ ಆಗ ಹಸಿವಾಯಿತು.