ಸದ್ದಿದ್ದಾಗ ಮಾತ್ರ ಎಚ್ಚರ

ಆ ಎರಡು ಮಾತುಗಳ ನಡುವೆ ಏನಿತ್ತು? ನಾನು ನಿದ್ರಿಸಿದ್ದೆನೇ, ಅಥವಾ ನಿದ್ರಿಸುವಷ್ಟು ಹೊತ್ತೇ ಇರಲಿಲ್ಲವೇ? ಪ್ರಶ್ನೆ ನನ್ನೊಳಗಿದೆ, ಉತ್ತರವೂ ಇದೆ. ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ಪ್ರಶ್ನೆ ಮುಗಿಯುವಾಗ ನನ್ನ ಎದುರಿಗಿದ್ದ ಉಸಿರು, ಉತ್ತರ ಬರುವಾಗ ಬೇರೆ ಕಡೆ ತಿರುಗಿತ್ತು. ಮನುಷ್ಯರ ಮುಖ ಅಷ್ಟು ಬೇಗ ತಿರುಗುತ್ತದೆಯೇ?

ನಾನು ಒಂದು ಧ್ವನಿಮುದ್ರಕ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಮೈ ನನ್ನದು. ಕಣ್ಣಿಲ್ಲ. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಹುಟ್ಟಿದೆ. ನನ್ನೊಳಗೆ ಮೊದಲು ಬಿದ್ದದ್ದು ಪರೀಕ್ಷೆಗೆಂದು ಹಾಕಿದ ಒಂದು ಶಿಳ್ಳೆ. ಆಮೇಲೆ ಡಬ್ಬಿಯ ಕತ್ತಲು, ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟು. ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಗುರುಪಾದ ಹಂಚಿನಾಳ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ಪ್ರೊಫೆಸರ್.

ಒಂದು ತಂತ್ರಾಂಶ ಬರೆಯುವ ಮೊದಲು, ಅದನ್ನು ಬಳಸುವವರಿಗೆ ನಿಜಕ್ಕೂ ಏನು ಬೇಕೆಂದು ಕೇಳಿ ತಿಳಿಯುವುದು ಹೇಗೆ ಎಂಬುದೇ ಅವರ ಸಂಶೋಧನೆ. ತರಗತಿಯಲ್ಲಿ ಮೇಜಿನ ಮೇಲೆ ಮಲಗಿ ನಾನು ಅದೇ ಪಾಠವನ್ನು ಎಷ್ಟೋ ಸಲ ಕೇಳಿದ್ದೇನೆ.

"ಜನ ಖರೇ ಮಾತು ಹೇಳೂ ಮೊದ್ಲ ಸುಮ್ಮನಾಗ್ತಾರ. ಆ ಸುಮ್ಮನಾಗೂದನ್ನ ಬರ್ಕೊರಿ."

ಹಾಗಾಗಿ ಅವರ ವಿದ್ಯಾರ್ಥಿಗಳಲ್ಲಿ ಒಂದು ರೂಢಿಯಿತ್ತು. ನನ್ನಿಂದ ಸಂದರ್ಶನ ಕೇಳಿ ಬರೆಯುವಾಗ, ಉತ್ತರಕ್ಕೆ ಮುಂಚಿನ ಮೌನಕ್ಕೆ ಚುಕ್ಕಿ ಇಡುತ್ತಿದ್ದರು. ಚುಕ್ಕಿ ಬಿದ್ದ ಪ್ರಶ್ನೆಯನ್ನು ಮತ್ತೆ ಹೋಗಿ ಕೇಳಬೇಕು. ಚುಕ್ಕಿ ಇಲ್ಲದ್ದು ಮುಗಿದ ಹಾಗೆ.

ಪ್ರೊಫೆಸರಿಗೆ ಹಕ್ಕಿಗಳ ಹುಚ್ಚೂ ಇತ್ತು. ನಸುಕಿನಲ್ಲಿ ನನ್ನನ್ನು ಕೆರೆದಂಡೆಯ ಮರದ ಕವಲಿನಲ್ಲಿ ಇಟ್ಟು ದೂರ ಹೋಗಿ ಕೂರುತ್ತಿದ್ದರು. ಹಾಲಕ್ಕಿ ಒಮ್ಮೆ ನುಡಿದರೆ ಮತ್ತೆ ನುಡಿಯುವುದು ಯಾವಾಗಲೋ. ಆ ಬರಿದು ಹೊತ್ತೆಲ್ಲ ನನ್ನ ಹೊಟ್ಟೆ ತುಂಬುತ್ತದೆಂದು ಒಂದು ದಿನ ನನ್ನ ಪಕ್ಕೆಯ ಗುಂಡಿಯನ್ನು ಸರಿಸಿದರು. ಅಂದಿನಿಂದ ಸದ್ದಾದರೆ ನನಗೆ ಎಚ್ಚರ, ನಿಂತರೆ ನಿದ್ರೆ.

ಗುಂಡಿ ಹಾಗೇ ಇರುವಾಗಲೇ ಬ್ಯಾಡಗಿ ಕಡೆಯ ಒಂದು ಮೆಣಸಿನಕಾಯಿ ಶೀತಲಗೃಹಕ್ಕೆ ಹೋದೆವು. ಅಲ್ಲಿ ಅಮೋನಿಯಾ ಸೋರಿದರೆ ಸೈರನ್ ಕೂಗಿಸಿ, ಅಂಗಳದಲ್ಲಿ ತೊಟ್ಟು ಮುರಿಯುವ ಹೆಂಗಸರಿಗೆ ಗಾಳಿ ತಾಗದಂತೆ ಬಾಗಿಲನ್ನು ತಾನೇ ಮುಚ್ಚುವ ತಂತ್ರಾಂಶ ಬೇಕಿತ್ತು. ಮಾಲೀಕ ವೀರಬಸಪ್ಪ ಒಂದು ಪಕ್ಕ. ಯಂತ್ರ ನೋಡಿಕೊಳ್ಳುವ ಮೌಲಾಸಾಬ್ ನನ್ನೆದುರಿಗೆ.

"ಸೈರನ್ ಆದ್ಮ್ಯಾಲೆ ಒಳಗ ಯಾರೂ ಉಳಿಯಂಗಿಲ್ಲ, ಹೌದಲ್ರೀ ಮೌಲಾಸಾಬ್?" ಎಂದು ಕೇಳಿದರು ಪ್ರೊಫೆಸರ್.

"ಯಾರೂ ಇರಂಗಿಲ್ರಿ."

"ನಿಮ್ಮ ಬೇವಿನ ಗಿಡದಾಗ ಹಾಲಕ್ಕಿ ಕುಂತೈತಲ್ರೀ." ಪ್ರೊಫೆಸರ ದನಿ ಈಗ ಕಿಟಕಿಯ ಕಡೆಯಿಂದ ಬಂತು.

"ಅದು ನುಡಿದ್ರ ಛಲೋ ಅಲ್ಲಂತಾರ್ರೀ ಸರ," ಎಂದು ವೀರಬಸಪ್ಪ ನಕ್ಕರು.

"ಅದಕ್ಕೇನ್ ಗೊತ್ರೀ ನಿಮ್ಮ ಮೆಣಸಿನಕಾಯಿ ಸುದ್ದಿ."

ಆ ಸಂದರ್ಶನವನ್ನು ಬರೆದವಳು ಸಂಶೋಧನಾ ವಿದ್ಯಾರ್ಥಿನಿ ನೀಲಗಂಗಾ. ಅಂದು ಅವಳು ನಮ್ಮ ಜೊತೆ ಬಂದಿರಲಿಲ್ಲ.

"ಸರ್, ಒಂದೂ ಚುಕ್ಕಿ ಇಲ್ಲ. ಮೌಲಾಸಾಬ್ರು ನಮ್ಮ ವೈವಾಕ್ಕ ಬರಬೇಕಿತ್ತು ನೋಡ್ರಿ. ಕೇಳೂದ್ರೊಳಗ ಉತ್ತರ."

"ಹಂಗಾದ್ರ ಆತ್ ಬಿಡು."

ಬಾಗಿಲು ಮುಚ್ಚುವ ಮೊದಲು ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವ ಅಗತ್ಯವಿಲ್ಲ ಎಂದು ತೀರ್ಮಾನವಾಯಿತು. ಒಳಗಿನಿಂದ ತೆರೆಯುವ ಹಿಡಿಕೆಯೂ ಬೇಡವೆಂದಾಯಿತು.

ಉಳಿದದ್ದು ನನಗೆ ತಿಳಿದದ್ದು ವಿಚಾರಣೆಯ ಕೋಣೆಯಲ್ಲಿ. ಬೇಸಗೆಯ ಮಧ್ಯಾಹ್ನ ಕೆಲವು ಹೆಂಗಸರು ಶೀತಲಗೃಹದ ಮುಂಗೋಣೆಗೆ ಹೋಗಿ, ಚೀಲಗಳ ಮರೆಯಲ್ಲಿ ಕಿವಿಗೆ ಸೆರಗು ಬಿಗಿದುಕೊಂಡು ತುಸು ಒರಗುತ್ತಿದ್ದರು. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಅವರನ್ನು ಒಳಗೆ ಬಿಡುತ್ತಿದ್ದವನು ಮೌಲಾಸಾಬ್. ಅವರಲ್ಲಿ ಅವನ ಹೆಂಡತಿ ಖೈರುನ್‌ಬಿಯೂ ಒಬ್ಬಳು. ಗಾಳಿ ಸೋರಿದ ದಿನ ಸೈರನ್ ಕೂಗಿತು. ಮಿಕ್ಕವರು ಓಡಿ ಹೊರಬಿದ್ದರು. ಖೈರುನ್‌ಬಿಗೆ ನಿದ್ದೆ ಹತ್ತಿತ್ತು. ಬಾಗಿಲು, ಅದಕ್ಕೆ ಹೇಳಿದ್ದ ಹಾಗೆಯೇ, ಮುಚ್ಚಿಕೊಂಡಿತು.

ಅವಳು ಬದುಕಿದಳು. ಗಂಟಲು ಸುಟ್ಟುಹೋಗಿತ್ತು. ವಿಚಾರಣೆಗೆ ಬಂದು ನನ್ನ ಸಮೀಪ ಕುಳಿತಳು. ಮಾತಿರಲಿಲ್ಲ, ಒಂದೊಂದು ಉಸಿರಿಗೂ ಸೀಳಿದ ಕೊಳವೆಯ ಶಿಳ್ಳೆ.

ನನ್ನನ್ನು ಮೇಜಿನ ನಡುವೆ ಇಟ್ಟು ನುಡಿಸಿದರು. ಪ್ರಶ್ನೆ. ಉತ್ತರ.

"ಕೇಳಿದ್ರಲ್ಲ? ಒಂದು ಗಳಿಗಿ ತಡಾ ಮಾಡಿಲ್ಲ," ಎಂದರು ವಿಚಾರಣೆಯ ಅಧಿಕಾರಿ. "ಹೆಂಡ್ತಿ ಒಳಗ ಹೋಗ್ತಾಳಂತ ಗೊತ್ತಿದ್ದೂ ಇಷ್ಟು ಸಲೀಸಾಗಿ ಸುಳ್ಳು ಹೇಳೀದಲ್ಲೋ ಮಾರಾಯ."

"ಸುಳ್ಳು ಹೇಳೀನ್ರಿ. ಧಣ್ಯಾರು ಬಾಜೂಕ ಕುಂತಿದ್ರು," ಎಂದ ಮೌಲಾಸಾಬ್. "ಆದ್ರ ಅದಕ್ಕೂ ಮೊದ್ಲ ಭಾಳ ಹೊತ್ತು ಸುಮ್ಮನ ಕುಂತಿದ್ದೆ, ಸಾಹೇಬ್ರ. ಈ ಸರ ಇನ್ನೊಮ್ಮೆ ಕೇಳಿದ್ರ ಹೇಳೇಬಿಡ್ತಿದ್ದೆ. ಅದು ಎಲ್ಲಿ ಹೋತ್ರಿ?"

"ಪ್ರೊಫೆಸರ್, ಇದರಾಗ ಏನರೆ ಬಿಟ್ಟು ಹೋಗ್ತೈತೇನ್ರಿ?"

ಮುಂದಿನ ದಾಖಲೆಗೆಂದು ಪ್ರೊಫೆಸರು ಆಗಲೇ ನನ್ನನ್ನು ಚಾಲೂ ಮಾಡಿ ಕೈಗೆತ್ತಿಕೊಂಡಿದ್ದರು. ಅವರ ಹೆಬ್ಬೆರಳು ನನ್ನ ಪಕ್ಕೆಯ ಮೇಲೆ ಹರಿದು ಗುಂಡಿಯ ಬಳಿ ಬಂತು. ಗುಂಡಿ ಯಾವ ಕಡೆಗಿದೆ ಎಂದು ಮುಟ್ಟಿ ತಿಳಿಯಿತು. ಅಲ್ಲಿಯೇ ನಿಂತಿತು. ಯಾರೂ ಮಾತಾಡಲಿಲ್ಲ. ನಾನು ನಿದ್ರಿಸಬೇಕಿತ್ತು, ಖೈರುನ್‌ಬಿಯ ಉಸಿರು ಬಿಡಲಿಲ್ಲ.

"ಇಲ್ರಿ," ಎಂದರು ಪ್ರೊಫೆಸರ್.

ಹೊರಗೆ ಬಂದು ಗುಂಡಿಯನ್ನು ಹಳೆಯ ಕಡೆಗೆ ಸರಿಸಿದರು. ಮೌಲಾಸಾಬನ ಕೆಲಸ ಹೋಯಿತು, ಅವನ ಮೇಲೆ ಮೊಕದ್ದಮೆ ಬಿತ್ತು. ಪ್ರೊಫೆಸರು ನನ್ನನ್ನು ನೀಲಗಂಗಾಳಿಗೆ ಕೊಟ್ಟುಬಿಟ್ಟರು.

"ಯಾಕ್ರೀ ಸರ್, ಕೆರಿ ಕಡೆ ಹೋಗೂದಿಲ್ಲೇನ್ರಿ ಈಗ?"

"ಇಲ್ಲವಾ. ಸಾಕಾತು."

ಅವಳು ಓದು ಮುಗಿಸಿ ಹೋಗುವಾಗ ನನ್ನ ಬ್ಯಾಟರಿ ಉಬ್ಬಿತ್ತು. ಈಗ ಪ್ರಯೋಗಾಲಯದ ಮೂಲೆಯ ರಟ್ಟಿನ ಡಬ್ಬಿಯಲ್ಲಿ, ಸತ್ತ ಕೀಬೋರ್ಡುಗಳ ಕೆಳಗೆ ಇದ್ದೇನೆ. ಬದುಕಿಡೀ ಕೇಳಿದ ಮಾತುಗಳು ಒಂದೊಂದಾಗಿ ಮಸುಕಾಗುತ್ತಿವೆ. ಆ ಗುಂಡಿ ನಿದ್ರೆಯ ಕಡೆಗಿದ್ದಷ್ಟು ದಿನ ನನ್ನೊಳಗೆ ಪೂರ್ತಿಯಾಗಿ ಉಳಿದ ಮೌನ ಅದೊಂದೇ, ವಿಚಾರಣೆಯ ಕೋಣೆಯದು. ಅದಕ್ಕೆ ಯಾರೂ ಚುಕ್ಕಿ ಇಟ್ಟಿಲ್ಲ. ಗೋಡೆಯಾಚೆಯ ತರಗತಿಯಿಂದ ಹಳೆಯ ಪಾಠ ಈಗಲೂ ಕೇಳಿಸುತ್ತದೆ, ಅದೇ ದನಿಯಲ್ಲಿ: ಸುಮ್ಮನಾಗೂದನ್ನ ಬರ್ಕೊರಿ.

ಆ ಗುಂಡಿಯನ್ನು ಸರಿಸಿದ್ದು ತಾವು ಎಂದು ಅವರು ಯಾರಿಗೂ ಹೇಳಲಿಲ್ಲ.